ಕಟ್ಟಿದ್ದಲ್ಲ, ನೆನಪಿಸಿದ್ದು

ಆ ತುದಿ ಉದ್ದಕ್ಕನ ಕೈಯಲ್ಲಿ, ಈ ತುದಿ ಚಿಕ್ಕಮ್ಮನ ಕೈಯಲ್ಲಿ. ನಡುವೆ ಬೆಡ್‌ಶೀಟು. ಒಣಗಿಸುವ ಮಶೀನಿನಿಂದ ಆಗಷ್ಟೇ ಎಳೆದದ್ದು, ಬೆರಳು ಸುಡುವಷ್ಟು ಬಿಸಿ. ಇಬ್ಬರೂ ಹಿಂದಕ್ಕೆ ವಾಲಿ ಜಗ್ಗಿದರು. ಸುಕ್ಕು ಬಿಟ್ಟಿತು. ಮೂಲೆಗೆ ಮೂಲೆ ಕೂಡಿಸಿ ಮತ್ತೆ ಜಗ್ಗಿದರು. ಎದುರಾಬದುರು ನಡೆದು ಬಂದು ಮಡಿಕೆ ಮುಗಿಸಿದರು. ಒಂದು ಆಯಿತು. ಗಾಡಿಯಲ್ಲಿ ಬೆಟ್ಟದಷ್ಟು ಉಳಿದಿತ್ತು.

ಅದು ದೊಡ್ಡಾಸ್ಪತ್ರೆಯ ನೆಲಮಾಳಿಗೆ. ಮೇಲೆ ಮಲಗಿದವರ ರಕ್ತ, ವಾಂತಿ, ಔಷಧಿ ಎಲ್ಲವೂ ಬಟ್ಟೆಯ ಮೂಲಕ ಇಲ್ಲಿಗೆ ಇಳಿಯುತ್ತಿತ್ತು. ಕಿಟಕಿ ಇರಲಿಲ್ಲ. ಸಾಲು ಮಶೀನುಗಳು ಒಟ್ಟಿಗೇ ತಿರುಗಿದರೆ ಗೋಡೆ ನಡುಗುತ್ತಿತ್ತು, ಹಲ್ಲು ನಡುಗುತ್ತಿತ್ತು. ಅಲ್ಲಿ ಯಾರೂ ಮಾತಾಡುತ್ತಿರಲಿಲ್ಲ. ಮಾತಾಡಿದರೆ ಕೇಳಿಸಬೇಕಲ್ಲ. ಕೆಲಸದವರೆಲ್ಲ ನಾನಾ ದೇಶಗಳಿಂದ ಓಡಿ ಬಂದವರು. ಒಬ್ಬರ ಭಾಷೆ ಇನ್ನೊಬ್ಬರಿಗೆ ಬಾರದು. ಬಂದಿದ್ದರೂ ಮಶೀನು ಬಿಡುತ್ತಿರಲಿಲ್ಲ.

ಹಾಗಾಗಿ ಕೈಯಲ್ಲೇ ಮಾತು. ಯಾರು ಶುರು ಮಾಡಿದರೋ ಗೊತ್ತಿಲ್ಲ. ತೋರುಬೆರಳನ್ನು ಇನ್ನೊಂದು ಅಂಗೈಗೆ ಒತ್ತಿ ತಿರುವಿದರೆ ಕಲೆ ಎಂದರ್ಥ, ಈ ಬಟ್ಟೆ ಮತ್ತೆ ನೀರಿಗೆ ಹೋಗಬೇಕು. ಬೆರಳು ಊದಿ ಕೊಡವಿದರೆ ಬಿಸಿ, ಹುಷಾರು. ಎರಡು ಕಿರುಬೆರಳು ಕೊಂಡಿ ಹಾಕಿ ಬಿಡಿಸಿದರೆ ಹರಿದಿದೆ. ಮಣಿಕಟ್ಟು ತಟ್ಟಿದರೆ ಮೇಸ್ತ್ರಿ ಬರುತ್ತಿದ್ದಾನೆ. ಯಾವಾಗಲೂ ಕೈಗಡಿಯಾರ ತಟ್ಟಿ ತೋರಿಸುವವನು ಅವನು. ಅವನಿಗೆ ಅಲ್ಲಿ ಗಡಿಯಾರ ಎಂದೇ ಹೆಸರು. ಮಣಿಕಟ್ಟು ತಟ್ಟಿ ಮೂಗು ಹಿಡಿದುಕೊಂಡರೆ ಗಡಿಯಾರ ಇವತ್ತು ಕುಡಿದು ಬಂದಿದ್ದಾನೆ.

ಮಧ್ಯಾಹ್ನ ಮಶೀನು ನಿಂತಿತು. ಎಲ್ಲರೂ ಬುತ್ತಿ ಬಿಚ್ಚಿದರು. ಚಿಕ್ಕಮ್ಮನ ಭಾಷೆ ಬಲ್ಲವಳು ಅಲ್ಲಿ ಉದ್ದಕ್ಕ ಒಬ್ಬಳೇ. ಅವಳು ಬ್ರೆಡ್ಡು ಮುರಿಯುತ್ತಾ ಮೂಲೆಯತ್ತ ನೋಡಿದಳು. ಅಲ್ಲಿ ದಿಂಬಿನ ಚೀಲಗಳ ರಾಶಿಯ ಪಕ್ಕ, ಚಿಕ್ಕಮ್ಮನ ಜೊತೆ ಬಂದ ಹುಡುಗಿ ಕೂತಿದ್ದಳು. ಸ್ಕೂಲಿಗೆ ರಜೆ ಬಂದಿತ್ತು, ಮನೆಯಲ್ಲಿ ಬಿಡಲು ಯಾರೂ ಇರಲಿಲ್ಲ. ಎಂಟು ವರ್ಷದವಳು. ಎರಡೂ ಕೈಗಳನ್ನು ತೊಡೆಯಡಿ ತೂರಿಸಿ, ಬೆನ್ನು ನೆಟ್ಟಗೆ ಮಾಡಿ ಕೂತಿದ್ದಳು. ಬೆಳಿಗ್ಗೆಯಿಂದ ಹಾಗೇ.

"ಇದೇನೇ ಇದು? ಕೈ ಮೇಲೆ ಕೂತಿದೆ ಮಗು. ಮೊಟ್ಟೆಗೆ ಕಾವು ಕೊಡ್ತಾ ಇದೆಯಾ?" ಎಂದಳು ಉದ್ದಕ್ಕ.

"ಸ್ಕೂಲಲ್ಲಿ ಹಾಗೇ ಕೂರಿಸ್ತಾರೆ. ಕೈ ಆಡಿಸಿದ್ರೆ ಬಾಯಿ ಬರಲ್ವಂತೆ," ಎಂದಳು ಚಿಕ್ಕಮ್ಮ.

"ನಂಗೆ ಎರಡೂ ಆಡುತ್ತಲ್ಲ."

"ನಿನ್ನ ಬಾಯಿಗೆ ಯಾವ ಸ್ಕೂಲೂ ಬೇಡ ಬಿಡು."

ಉದ್ದಕ್ಕ ನಕ್ಕಳು. ಚಿಕ್ಕಮ್ಮನೂ ನಕ್ಕಳು. ಹುಡುಗಿ ಒಮ್ಮೆ ಇವಳ ಬಾಯಿ, ಒಮ್ಮೆ ಅವಳ ಬಾಯಿ ನೋಡಿದಳು. ಯಾಕೆ ನಕ್ಕರೆಂದು ಅವಳಿಗೆ ಯಾರೂ ಹೇಳಲಿಲ್ಲ. ಹೇಳಲು ದಾರಿ ಇರಲಿಲ್ಲ.

ಹುಡುಗಿ ಚಿಕ್ಕಮ್ಮನ ಅಕ್ಕನ ಮಗಳು. ಹುಟ್ಟಾ ಕಿವುಡಿ. ಊರು ಸುಟ್ಟು ಹೋದ ಮೇಲೆ ಮೂವರೂ ಗಡಿಯ ಶಿಬಿರದಲ್ಲಿ ಒಂದೇ ಗುಡಾರದಲ್ಲಿದ್ದರು. ಒಂದು ದಿನ ಈ ದೇಶದವರು ಬಂದು ಮಕ್ಕಳ ಕಣ್ಣು, ಕಿವಿ, ಹೊಟ್ಟೆ ಪರೀಕ್ಷೆ ಮಾಡಿದರು. ಕಿವಿಗೆ ಚಿಕಿತ್ಸೆ ಇದೆ ಎಂದರು. ಮಗುವಿನ ಜೊತೆ ಒಬ್ಬರನ್ನು ಮಾತ್ರ ಬಿಡುತ್ತೇವೆ ಎಂದರು. ಅಕ್ಕನ ಎದೆಯಲ್ಲಿ ಕಫವಿತ್ತು. ಕಾಯಿಲೆಯವರಿಗೆ ಗೇಟು ತೆಗೆಯುವುದಿಲ್ಲ. ಚಿಕ್ಕಮ್ಮ ಹೊರಟಳು.

ಲಾರಿ ಹತ್ತುವಾಗ ಅಕ್ಕ ಅಳಲಿಲ್ಲ. ತಂಗಿಯ ರಟ್ಟೆ ಹಿಡಿದು, "ಒಂದು ಸಲ ಅವಳ ಬಾಯಲ್ಲಿ ಅಮ್ಮಾ ಅನ್ನಿಸು ಕಣೇ. ಅಂದ ದಿನ ನಂಗೆ ಕಾಗದ ಬರಿ. ಬೇರೇನೂ ಬರೀಬೇಡ, ಅದೊಂದು ಬರಿ ಸಾಕು," ಎಂದಿದ್ದಳು.

ಶಿಬಿರಕ್ಕೆ ಫೋನು ಹೋಗುತ್ತಿರಲಿಲ್ಲ. ಪರಿಹಾರ ಸಂಸ್ಥೆಯವರ ಚೀಲದಲ್ಲಿ ಕಾಗದ ಮಾತ್ರ ಹೋಗುತ್ತಿತ್ತು. ಎರಡು ಚಳಿಗಾಲ ಕಳೆದವು. ಚಿಕ್ಕಮ್ಮ ಕಾಗದ ಬರೆದಿರಲಿಲ್ಲ.

ಬಂದ ತಿಂಗಳಲ್ಲೇ ಹುಡುಗಿಯ ಕಿವಿಗೆ ಕೇಳಿಸುವ ಮಶೀನು ಹಾಕಿದ್ದರು. ಕಿವಿಯೊಳಗೆ ಗಟ್ಟಿ ಬಿರಡೆ, ಕಿವಿಯ ಹಿಂದೆ ಬಾಲದ ಹಾಗೆ ಬಾಗಿದ ತುಂಡು. ಕಿವುಡ ಮಕ್ಕಳಿಗೆ ಬಾಯಿಮಾತು ಕಲಿಸುವ ಸ್ಕೂಲಿಗೆ ಸೇರಿಸಿದರು. ಮೊದಲ ದಿನ ಟೀಚರ್ ಅವಳ ಹಿಂದೆ ನಿಂತು ತಟ್ಟೆ ಬಡಿದರು. ಹುಡುಗಿ ತಿರುಗಲಿಲ್ಲ. "ಬರುತ್ತೆ, ಬರುತ್ತೆ," ಎಂದರು ಟೀಚರ್. ಕೆಟ್ಟವರಲ್ಲ. ನಗುಮುಖ, ಮೆಲುದನಿ. ಮಕ್ಕಳ ಮೂಗು ತಾವೇ ಒರೆಸುತ್ತಿದ್ದರು. ಚಿಕ್ಕಮ್ಮನನ್ನು ಪಕ್ಕಕ್ಕೆ ಕರೆದು ನಿಯಮ ಹೇಳಿದರು. ಮನೆಯಲ್ಲೂ ಕೈಸನ್ನೆ ಮಾಡಬಾರದು. ನೀರು ಬೇಕೆಂದು ಕೈ ತೋರಿಸಿದರೆ ನೀರು ಕೊಡಬಾರದು. ಕೈ ಹಿಡಿದುಕೊಳ್ಳಬೇಕು, ಬಾಯಿ ತೋರಿಸಬೇಕು.

ಚಿಕ್ಕಮ್ಮ ಅಕ್ಷರಶಃ ಪಾಲಿಸಿದಳು. ಓದಿದವರು ಹೇಳಿದ್ದು. ಅಕ್ಕನಿಗೆ ಕೊಟ್ಟ ಮಾತು ಬೇರೆ. ಸಂಜೆ ಕೆಲಸದಿಂದ ಬಂದು ಹುಡುಗಿಯ ಎರಡೂ ಕೈಗಳನ್ನು ತನ್ನ ಒಂದು ಕೈಯಲ್ಲಿ ಹಿಡಿದು, "ನೀ...ರು," ಎನ್ನುತ್ತಿದ್ದಳು. ಹುಡುಗಿ ತುಟಿ ನೋಡುತ್ತಿದ್ದಳು. ತುಟಿ ಅಗಲವಾಗುತ್ತದೆ, ಮುಂದೆ ಬರುತ್ತದೆ. ಅಷ್ಟೇ ಕಾಣುವುದು. ಬಾಯಾರಿಕೆಯಲ್ಲಿ ಕಣ್ಣು ತುಂಬಿಕೊಂಡು ಅವಳೂ ತುಟಿ ಮುಂದೆ ಚಾಚುತ್ತಿದ್ದಳು. ಆಮೇಲೆ ಚಿಕ್ಕಮ್ಮನೇ ಸೋತು ಲೋಟ ಕೊಡುತ್ತಿದ್ದಳು. ಕೊಟ್ಟು, ತಪ್ಪು ಮಾಡಿದೆನೆಂದು ಕೊರಗುತ್ತಿದ್ದಳು.

ಮೂರನೇ ಮಹಡಿಯ ಒಂಟಿ ಕೋಣೆ. ಒಂದು ಮಂಚ, ಒಂದು ಸ್ಟವ್. ಇಬ್ಬರೂ ಎದುರುಬದುರು ಕೂತು ಉಣ್ಣುತ್ತಿದ್ದರು, ಬಸ್‌ಸ್ಟ್ಯಾಂಡಿನಲ್ಲಿ ಗುರುತಿಲ್ಲದವರು ಕೂತ ಹಾಗೆ. ಶಿಬಿರದಲ್ಲಿ ಹಸಿವಿತ್ತು, ಆದರೆ ಹುಡುಗಿ ಇಷ್ಟು ಒಂಟಿಯಾಗಿರಲಿಲ್ಲ.

ಕಳೆದ ಚಳಿಗಾಲದಲ್ಲಿ ಒಂದು ದಿನ ಟೀಚರ್ ಖುಷಿಯಿಂದ ಹೇಳಿ ಕಳಿಸಿದರು, ಬನ್ನಿ, ಕೇಳಿ ಎಂದು. ಚಿಕ್ಕಮ್ಮ ಗಡಿಯಾರನ ಕಾಲು ಹಿಡಿದು ಅರ್ಧ ದಿನದ ರಜೆ ತೆಗೆದುಕೊಂಡು ಓಡಿದಳು. ಟೀಚರ್ ಹುಡುಗಿಯ ಗಲ್ಲ ಹಿಡಿದರು. ಹುಡುಗಿ ಉಸಿರು ಬಿಗಿದು, ಕತ್ತಿನ ನರ ಉಬ್ಬಿಸಿ, "ಮ್ಮ್‌ಮಾ," ಎಂದಳು. ಕರುವಿನ ದನಿ. ಟೀಚರ್ ಅಂಗೈ ಬಿಚ್ಚಿ ಬಿಸ್ಕತ್ತು ಕೊಟ್ಟರು.

ಅವತ್ತೇ ಕಾಗದ ತಂದಳು. "ಅಕ್ಕಾ" ಎಂದು ಬರೆದಳು. ಅಷ್ಟರಲ್ಲಿ ಹುಡುಗಿ ಡಬ್ಬಿಯ ಮುಂದೆ ನಿಂತು, ಡಬ್ಬಿಗೆ, "ಮ್ಮ್‌ಮಾ," ಎಂದಳು. ಡಬ್ಬಿಯಲ್ಲಿ ಬಿಸ್ಕತ್ತಿತ್ತು.

ಚಿಕ್ಕಮ್ಮ ಕಾಗದ ಮಡಚಿ ಎತ್ತಿಟ್ಟಳು. ಬಿಸ್ಕತ್ತಿಗೆ ಅಮ್ಮ ಅನ್ನುತ್ತಾಳೆ ಎಂದು ಯಾವ ಕೈಯಲ್ಲಿ ಬರೆಯುವುದು?

ಈಗ ರಜೆ. ಹುಡುಗಿ ನೆಲಮಾಳಿಗೆಯ ಮೂಲೆಯಲ್ಲಿ ಕೈ ಮೇಲೆ ಕೂತು ಮೂರು ದಿನ ಎಲ್ಲರನ್ನೂ ನೋಡಿದಳು. ನಾಲ್ಕನೆಯ ದಿನ ಗಡಿಯಾರ ಬಂದು, "ಕೂತು ತಿನ್ನೋ ಜಾಗ ಅಲ್ಲ ಇದು, ಅದೂ ಕೈ ಆಡಿಸಲಿ," ಎಂದ. ದಿಂಬಿನ ಚೀಲ ಮಡಚಲು ಹಚ್ಚಿದ. ಕೂಲಿ ಇಲ್ಲ. ಬಿಟ್ಟಿ ದುಡಿಮೆ. ಚಿಕ್ಕಮ್ಮ ಹಲ್ಲು ಕಚ್ಚಿದಳು. ಆದರೆ ಹುಡುಗಿ ತೊಡೆಯಡಿಯಿಂದ ಕೈ ತೆಗೆದಳು. ನೋಡುನೋಡುತ್ತಾ ರಾಶಿ ಕರಗಿಸಿದಳು. ಮಧ್ಯೆ ಒಂದು ಚೀಲ ಎತ್ತಿ ಹಿಡಿದು, ತೋರುಬೆರಳನ್ನು ಅಂಗೈಗೆ ಒತ್ತಿ ತಿರುವಿದಳು. ಕಲೆ.

ಉದ್ದಕ್ಕ ನೋಡಿದಳು. ಹೌದು, ಹೊಲಿಗೆಯ ಒಳಗೆ ಸಾಸಿವೆಯಷ್ಟು ರಕ್ತ. ಅವಳು ಬೆರಳು ಅಂಗೈಗೆ ಒತ್ತಿ ತಿರುವಿ ಉತ್ತರ ಕೊಟ್ಟಳು, ಚೀಲವನ್ನು ನೀರಿನ ಗಾಡಿಗೆ ಎಸೆದಳು.

ಹುಡುಗಿ ಗಾಡಿಯತ್ತಲೇ ನೋಡಿದಳು. ಅವಳು ಹೇಳಿದ್ದಳು. ಇನ್ನೊಬ್ಬರಿಗೆ ತಿಳಿದಿತ್ತು. ಹುಟ್ಟಿದ ಮೇಲೆ ಹಾಗೆ ಎಷ್ಟು ಸಲ ಆಗಿತ್ತೋ.

ಆಮೇಲೆ ಹಿಡಿಯುವವರಿಲ್ಲ. ವಾರದೊಳಗೆ ನೆಲಮಾಳಿಗೆಯ ಮಾತೆಲ್ಲ ಅವಳ ಬೆರಳಲ್ಲಿತ್ತು. ಇಲ್ಲದ್ದನ್ನು ಅವಳೇ ಹುಟ್ಟಿಸಿದಳು. ಉದ್ದಕ್ಕನಿಗೆ ಹೆಸರಿಟ್ಟಳು, ತುದಿಗಾಲಲ್ಲಿ ನಿಂತು ತಲೆಯ ಮೇಲೆ ಕೈ. ಗಡಿಯಾರ ಬಾಗಿಲಲ್ಲಿ ಕಂಡರೆ ಎಲ್ಲರಿಗಿಂತ ಮೊದಲು ಮಣಿಕಟ್ಟು ತಟ್ಟುತ್ತಿದ್ದಳು, ಆಮೇಲೆ ಮೂಗು ಹಿಡಿಯುತ್ತಿದ್ದಳು. ಹೆಂಗಸರು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಆ ಗದ್ದಲದಲ್ಲಿ ಎಲ್ಲರೂ ಕಿವುಡರೇ. ಅವಳೊಬ್ಬಳೇ ಅಲ್ಲ.

"ಎಂಥ ಚುರುಕು ಮಗು! ಇದಕ್ಕೆ ಬುದ್ಧಿ ಸಾಲದು ಅಂದವರ ಬಾಯಿಗೆ ಈ ಸೋಪಿನ ಪುಡಿ ತುಂಬಬೇಕು," ಎಂದಳು ಉದ್ದಕ್ಕ ಊಟದ ಹೊತ್ತಿನಲ್ಲಿ.

"ಟೀಚರಿಗೆ ಗೊತ್ತಾದ್ರೆ ಬೈತಾರೆ," ಎಂದಳು ಚಿಕ್ಕಮ್ಮ. ಅವಳಿಗೆ ಖುಷಿಯೂ ಆಗಿತ್ತು, ಭಯವೂ ಆಗಿತ್ತು. ಭಯ ದೊಡ್ಡದಿತ್ತು.

ರಜೆ ಮುಗಿಯುವ ಹಿಂದಿನ ಸಂಜೆ ಹುಡುಗಿ ಮಶೀನು ಹಾಕಿದ್ದ ಕಿವಿ ಮುಟ್ಟಿ, ಬೆರಳು ಅಂಗೈಗೆ ಒತ್ತಿ ತಿರುವಿದಳು. ಬೆರಳು ಊದಿ ಕೊಡವಿದಳು. ಮತ್ತೆ ಮಾಡಿದಳು. ಲಾಂಡ್ರಿಯಾಟ ಆಡುತ್ತಿದ್ದಾಳೆ ಎಂದುಕೊಂಡಳು ಚಿಕ್ಕಮ್ಮ. ನಾಳೆ ಸ್ಕೂಲು. ಎರಡೂ ಕೈ ಹಿಡಿದು ತೊಡೆಯಡಿ ಇಟ್ಟಳು.

ಸ್ಕೂಲು ಶುರುವಾಗಿ ಕೆಲವು ದಿನಗಳಾದ ಮೇಲೆ, ಕೆಲಸದ ನಡುವೆ ಗಡಿಯಾರ ಬಂದು ಚಿಕ್ಕಮ್ಮನ ಕಿವಿಗೆ ಬಾಯಿಟ್ಟು ಕಿರುಚಿದ. "ನಿನ್ನ ಹುಡುಗಿ ಟೀಚರಿಗೆ ಕಚ್ಚಿದೆಯಂತೆ! ಹೋಗು! ಅರ್ಧ ದಿನದ ಕೂಲಿ ಇಲ್ಲ!"

ಏಪ್ರನ್ನಿನಲ್ಲೇ ಓಡಿದಳು.

ಕ್ಲಾಸಿನಲ್ಲಿ ಬೇರೆ ಮಕ್ಕಳು ಕನ್ನಡಿಯ ಮುಂದೆ ಕೂತು ತುಟಿ ಆಡಿಸುತ್ತಿದ್ದರು. ಹುಡುಗಿ ಹಿಂದಿನ ಕುರ್ಚಿಯಲ್ಲಿದ್ದಳು. ಕೈಗಳು ಬೆನ್ನ ಹಿಂದೆ. ಚಿಕ್ಕಮ್ಮ ಸುತ್ತಿ ಹೋಗಿ ನೋಡಿದಳು. ಆಡುವ ಹಗ್ಗ. ಎರಡು ಸುತ್ತು, ಕುರ್ಚಿಯ ಸರಳಿಗೆ ಸೇರಿಸಿ ಗಂಟು. ಬಣ್ಣದ ಹಗ್ಗ, ಮಕ್ಕಳ ಹಗ್ಗ.

"ಕಟ್ಟಿದ್ದೀರಿ," ಎಂದಳು ಚಿಕ್ಕಮ್ಮ.

"ಕಟ್ಟಿದ್ದಲ್ಲಮ್ಮ, ನೆನಪಿಸಿದ್ದು," ಎಂದರು ಟೀಚರ್. ಅವರ ಮಣಿಕಟ್ಟಿನಲ್ಲಿ ಹಲ್ಲಿನ ಗುರುತಿತ್ತು. "ರಜೆಯಲ್ಲಿ ಏನು ಕಲಿಸಿದ್ರಿ ಅವಳಿಗೆ? ದಿನವಿಡೀ ಒಂದೇ ಚಾಳಿ, ಅಂಗೈ ಚುಚ್ಕೊಳ್ಳೋದು, ಬೆರಳು ಊದೋದು. ನೋಡಿ ನೋಡಿ ಸಾಕಾಯ್ತು. ಎರಡು ವರ್ಷದ ನಮ್ಮ ಶ್ರಮ ನೀರಲ್ಲಿ ಹೋಮ ಆಯ್ತು."

ಚಿಕ್ಕಮ್ಮ ಮಂಡಿಯೂರಿ ಗಂಟು ಬಿಚ್ಚಿದಳು. ಬಟ್ಟೆ ಒಗೆಯುವ ಸೋಡಾ ನೀರಿನಲ್ಲಿ ಬಿರಿದ ಬೆರಳು, ಗಂಟು ಬಿಗಿ. ಹಲ್ಲಿನಿಂದ ಎಳೆದಳು. ಬಿಡಿಸಿದ ಕೂಡಲೇ ಹುಡುಗಿಯ ಕೈ ಕಿವಿಗೆ ಹೋಯಿತು. ಬೆರಳು ಅಂಗೈಗೆ. ತಿರುವಿದಳು. ಊದಿದಳು, ಕೊಡವಿದಳು. ಚಿಕ್ಕಮ್ಮನ ಮುಖವನ್ನೇ ನೋಡುತ್ತಾ ಮತ್ತೆ, ಮತ್ತೆ.

ಚಿಕ್ಕಮ್ಮ ಕೂದಲು ಸರಿಸಿದಳು. ಕಿವಿಯ ಹಿಂದೆ ಕೆಂಪಗೆ ಊದಿತ್ತು, ಮುಟ್ಟಿದರೆ ಕೆಂಡ. ಬಿರಡೆಯನ್ನು ಮೆಲ್ಲಗೆ ಎಳೆದಳು. ಬರಲಿಲ್ಲ. ಮತ್ತೆ ಎಳೆದಳು. ಕೀವು, ಕೀವಿನ ಹಿಂದೆ ರಕ್ತ. ನಾತ ಮೂಗಿಗೆ ಹೊಡೆಯಿತು.

ಆ ಮಗು ಹೇಳಿತ್ತು. ಮನೆಯಲ್ಲಿ ಹೇಳಿತ್ತು, ಸ್ಕೂಲಲ್ಲಿ ಹೇಳಿತ್ತು. ರಕ್ತ ಬರುತ್ತಿದೆ, ಉರಿಯುತ್ತಿದೆ ಎಂದು ಬಿಡಿಸಿ ಬಿಡಿಸಿ ಹೇಳಿತ್ತು. ಹೇಳಿದ್ದಕ್ಕೆ ಕೈ ಕಟ್ಟಿದ್ದರು.

"ಅಯ್ಯೋ, ನಮಗೆ ಗೊತ್ತಾಗಲೇ ಇಲ್ಲ. ಬಾಯಿಬಿಟ್ಟು ಒಂದು ಮಾತು..." ಎಂದು ಟೀಚರ್ ಅರ್ಧಕ್ಕೆ ನಿಲ್ಲಿಸಿದರು.

ಚಿಕ್ಕಮ್ಮ ಮಶೀನನ್ನು ಮೇಜಿನ ಮೇಲಿಟ್ಟಳು. ಏಪ್ರನ್ನಿಗೆ ಕೈ ಒರೆಸಿಕೊಂಡಳು. "ಇಟ್ಕೊಳ್ಳಿ ಇದನ್ನ. ನಾಳೆಯಿಂದ ಕಳಿಸಲ್ಲ."

"ದುಡುಕಬೇಡಿ. ಗಾಯ ಮಾಯುತ್ತೆ, ಹೊಸ ಬಿರಡೆ ಮಾಡಿಸೋಣ."

"ಕೇಳಿಸುತ್ತಾ ಅವಳಿಗೆ? ಇದು ಹಾಕ್ಕೊಂಡ್ರೆ ಕೇಳಿಸುತ್ತಾ, ಇಲ್ವಾ? ಅಷ್ಟು ಹೇಳಿ."

ಟೀಚರ್ ಮೇಜಿನ ಮೇಲಿನ ಮಶೀನನ್ನು ತಿರುಗಿಸಿ ಇಟ್ಟರು. ಆಮೇಲೆ, "ತುಂಬಾ ಕಡಿಮೆ," ಎಂದರು. "ಇಲ್ಲ ಅಂತಲೇ ಇಟ್ಕೊಳ್ಳಿ. ಆದ್ರೆ ಅಭ್ಯಾಸ ಬಿಡಬಾರದು."

"ಯಾವಾಗಿಂದ ಗೊತ್ತು ನಿಮಗೆ?"

ಟೀಚರಿಂದ ಬೇರೆ ಮಾತು ಬಂತು. "ನೋಡಿಮ್ಮ, ಬಿಡಿಸೋ ಹಕ್ಕು ನಿಮಗಿಲ್ಲ. ನೀವು ಚಿಕ್ಕಮ್ಮ. ಹೆತ್ತವಳು ಬರೆದುಕೊಡಬೇಕು. ಚಿಕಿತ್ಸೆ ನಿಲ್ಲಿಸಿದ್ರೆ ನಾನು ಮೇಲಕ್ಕೆ ತಿಳಿಸಲೇಬೇಕು. ಚಿಕಿತ್ಸೆಗೆ ಅಂತ ತಾನೆ ನಿಮ್ಮಿಬ್ಬರನ್ನೂ ಈ ದೇಶಕ್ಕೆ ಬಿಟ್ಟಿರೋದು? ಯೋಚನೆ ಮಾಡಿ. ಇವಳ ತಾಯಿ ಏನು ಹೇಳಿ ಕಳಿಸಿದ್ರು ಅಂತ ಮೊದಲ ದಿನ ನೀವೇ ಹೇಳಿದ್ರಿ. ಅದನ್ನ ಮರೀಬೇಡಿ."

ಬಾಣ ಸರಿಯಾದ ಜಾಗಕ್ಕೇ ಬಿತ್ತು. ಚಿಕ್ಕಮ್ಮ ಹಗ್ಗವನ್ನು ಎತ್ತಿ ಟೀಚರ್ ಕೈಯಲ್ಲಿಟ್ಟಳು. "ನಿಮಗೆ ನೆನಪಿರಲಿ ಅಂತ," ಎಂದಳು. ಹುಡುಗಿಯನ್ನು ಎತ್ತಿಕೊಂಡು ಹೊರಗೆ ಬಂದಳು. ಎತ್ತಿಕೊಳ್ಳುವ ವಯಸ್ಸಲ್ಲ. ಆದರೂ ಎತ್ತಿಕೊಂಡಳು.

ಆಸ್ಪತ್ರೆಯಲ್ಲಿ ಬಟ್ಟೆ ಮೇಲೆ ಸಾಗಿಸುವ ಲಿಫ್ಟು ಹತ್ತಿ, ಹೊರರೋಗಿಗಳ ಸಾಲಿನಲ್ಲಿ ನಿಂತಳು. ಕಿವಿ ತೊಳೆದ ನರ್ಸು ವಯಸ್ಸಾದವಳು, ಒರಟು ಮಾತಿನವಳು. ಹುಡುಗಿ ನೋವಿಗೆ ಬೆರಳು ಊದಿ ಕೊಡವಿದ್ದನ್ನು ನೋಡಿ ಕೈ ನಿಲ್ಲಿಸಿದಳು.

"ಕೈಮಾತಿನ ಸ್ಕೂಲಿಗೆ ಹೋಗ್ತಾಳಾ?"

"ಅಂಥದ್ದು ಇದೆಯಾ?"

"ಇಲ್ದೆ ಏನು? ನದಿ ಆಚೆ. ನನ್ನ ತಮ್ಮ ಅಲ್ಲೇ ಓದಿದ್ದು. ಈಗ ಬಡಗಿ, ಎರಡು ಮಕ್ಕಳಿದಾವೆ. ಅವನ ಹೆಂಡತೀನೂ ಕಿವುಡಿ. ಅವರ ಜಗಳ ನೋಡಬೇಕು ನೀನು. ಕೈ ಬೀಸಾಟಕ್ಕೆ ಮನೆ ಪಾತ್ರೆ ಒಂದೂ ಉಳಿಯಲ್ಲ."

"ಎರಡು ವರ್ಷದಲ್ಲಿ ಯಾರೂ ನಂಗೆ ಹೇಳಲಿಲ್ಲ."

"ಕೇಳಿದವರಿಗೆ ಹೇಳ್ತಾರೆ. ಕೇಳಬೇಕು ಅಂತ ನಿನಗೆ ಯಾರು ಹೇಳ್ಬೇಕು?" ಎಂದಳು ನರ್ಸು. ಹತ್ತಿ ಎಸೆದು ಹೊಸದು ತೆಗೆದುಕೊಂಡಳು.

ಆ ಸ್ಕೂಲಿಗೂ ಹೋಗಿ ಕೇಳಿದ್ದಾಯಿತು. ಜಾಗವಿದೆ, ತಾಯಿಯ ಒಪ್ಪಿಗೆ ಬೇಕು ಎಂದರು.

ಭಾನುವಾರ ಬೆಳಿಗ್ಗೆ ಚಿಕ್ಕಮ್ಮ ಮಂಚದ ಮೇಲೆ ಕಾಗದ ಹಿಡಿದು ಕೂತಳು. ಅಕ್ಕನಿಗೆ ಒಂದೇ ಒಂದು ಆಸೆ ಇತ್ತು. ಕಫದ ಎದೆ ಹಿಡಿದುಕೊಂಡು ಗುಡಾರದಲ್ಲಿ ಆ ಒಂದು ಮಾತಿಗಾಗಿ ಕಾದಿದ್ದಾಳೆ. ಈ ಕಾಗದ ಆ ಆಸೆಯನ್ನು ಕೊಲ್ಲುತ್ತದೆ. ಒಪ್ಪಿಗೆ ಕೊಡದೆಯೂ ಇರಬಹುದು. ಮಗಳನ್ನು ಹಾಳು ಮಾಡಿದೆ ಎಂದು ಶಾಪ ಹಾಕಬಹುದು. ಪೆನ್ನು ಕದಲಲಿಲ್ಲ.

ಹುಡುಗಿ ಬಂದು ಕಾಗದ ಮುಟ್ಟಿದಳು. ಅಂಗೈ ಮೇಲೆ ಮಾಡಿ ಹುಬ್ಬು ಎತ್ತಿದಳು. ಏನು? ಯಾರಿಗೆ?

ಚಿಕ್ಕಮ್ಮನಿಗೆ ಆಗ ಹೊಳೆಯಿತು. ಗಡಿಯಾರನಿಗೆ ಹೆಸರಿದೆ, ಉದ್ದಕ್ಕನಿಗೆ ಹೆಸರಿದೆ. ಅಮ್ಮನಿಗೆ ಇಲ್ಲ. ಎರಡು ವರ್ಷದಲ್ಲಿ ಈ ಮಗುವಿನ ಜೊತೆ ಅವಳ ತಾಯಿಯ ಮಾತನ್ನೇ ಎತ್ತಲಾಗಿರಲಿಲ್ಲ. ತಾಯಿ ಸತ್ತಳೆಂದು ತಿಳಿದಿದ್ದಾಳೋ? ಬಿಟ್ಟು ಹೋದಳೆಂದೋ? ಯಾರು ಕೇಳಿದ್ದರು?

ಚಿಕ್ಕಮ್ಮ ಎದ್ದು ನಿಂತಳು. ಗುಡಾರದ ಇಳಿಜಾರನ್ನು ಕೈಯಲ್ಲಿ ಮಾಡಿದಳು. ಎದೆ ಹಿಡಿದು ಕೆಮ್ಮಿದಳು. ತನ್ನ ಮುಖ ತೋರಿಸಿ, ಇದೇ ಥರ, ಇನ್ನೂ ತೆಳ್ಳಗೆ ಎಂದು ಕೆನ್ನೆ ಒಳಗೆಳೆದಳು. ಹುಡುಗಿ ಕಣ್ಣು ಮಿಟುಕಿಸದೆ ನೋಡಿದಳು.

ನೋಡಿ, ಹಿಂದೆ ಸರಿದಳು. ಬಲಗಾಲಿನ ಹಿಮ್ಮಡಿ ಎತ್ತಿ ನೆಲಕ್ಕೆ ಗುದ್ದಿದಳು. ಧಪ್ ಧಪ್. ಎರಡು ಸಲ. ಗುದ್ದಿ, ತಾನೇ ಥಟ್ಟನೆ ಹಿಂದೆ ತಿರುಗಿ ನೋಡಿದಳು, ಯಾರೋ ಕರೆದವರ ಹಾಗೆ.

ಅಕ್ಕ ಹಾಗೇ ಕರೆಯುತ್ತಿದ್ದಳು. ಮಣ್ಣು ನೆಲ, ಕೂಗಿದರೆ ಕೇಳದ ಮಗು. ಹಿಮ್ಮಡಿಯಲ್ಲಿ ನೆಲ ಗುದ್ದುತ್ತಿದ್ದಳು. ಅಂಗಾಲಿಗೆ ತಿಳಿದು ಮಗು ತಿರುಗುತ್ತಿತ್ತು. ದಿನವೂ ಅದನ್ನು ಕಂಡಿದ್ದ ತಂಗಿಗೇ ಅದು ಮರೆತು ಹೋಗಿತ್ತು. ಈ ಸಿಮೆಂಟಿನ ಊರಿಗೆ ಬಂದ ಮೇಲೆ ಹುಡುಗಿಯನ್ನು ಹಾಗೆ ಯಾರೂ ಕರೆದಿರಲಿಲ್ಲ.

ಧಪ್ ಧಪ್. ಹುಡುಗಿ ಮತ್ತೆ ಗುದ್ದಿದಳು. ಕಾಗದ ತೋರಿಸಿದಳು. ಅವಳಿಗಾ?

ಕೆಳಗಿನ ಮನೆಯವನು ಪೊರಕೆಯ ಹಿಡಿಯಲ್ಲಿ ಚಾವಣಿ ಕುಟ್ಟಿದ. "ಭಾನುವಾರವಾದ್ರೂ ಮಲಗೋಕೆ ಬಿಡ್ರೋ!" ಎಂದು ಅರಚಿದ. ಚಿಕ್ಕಮ್ಮ ಹುಡುಗಿಯನ್ನು ತಡೆಯಲಿಲ್ಲ. ಅಳುತ್ತಲೇ ಕೂತು ಬರೆದಳು.

"ಅಕ್ಕಾ, ಮಗಳಿಗೆ ಕೇಳಿಸುವುದಿಲ್ಲ. ಮುಂದೆಯೂ ಕೇಳಿಸುವುದಿಲ್ಲ. ಇಲ್ಲಿಯವರಿಗೆ ಗೊತ್ತಿತ್ತು, ಹೇಳಲಿಲ್ಲ. ಬಾಯಿ ಬರಲಿ ಎಂದು ಅವಳ ಕೈ ಕಟ್ಟಿದರು. ನಾನೂ ಹಿಡಿದೆ. ಕಿವಿ ಕೀವಾಯಿತು. ಮಶೀನು ತೆಗೆದು ಬಿಸಾಕಿದ್ದೇನೆ. ಕೈಯಲ್ಲಿ ಮಾತು ಕಲಿಸುವ ಸ್ಕೂಲಿದೆ. ಅದಕ್ಕೆ ನಿನ್ನ ಹೆಬ್ಬೆಟ್ಟು ಬೇಕು. ನೀನು ಕೇಳಿದ ಮಾತು ಅವಳ ಬಾಯಿಂದ ಬರುವುದಿಲ್ಲ. ಅವಳು ನಿನ್ನನ್ನು ಹಿಮ್ಮಡಿಯಿಂದ ಕರೆಯುತ್ತಾಳೆ. ಎರಡು ಸಲ ಗುದ್ದುತ್ತಾಳೆ. ಇವತ್ತು ಗುದ್ದಿದಳು. ಹೆಬ್ಬೆಟ್ಟು ಒತ್ತು ಅಕ್ಕಾ."

ಶಿಬಿರದ ಕಾಗದವನ್ನು ಅಂಟಿಸದೆ ಕೊಡಬೇಕು, ಓದಿ ನೋಡಿಯೇ ಚೀಲಕ್ಕೆ ಹಾಕುತ್ತಾರೆ. ಮರುದಿನ ಹುಡುಗಿಯ ಜೊತೆ ಪರಿಹಾರದವರ ಕಚೇರಿಗೆ ಹೋದಳು. ಗಾಜಿನ ಹಿಂದೆ ಕೂತ ಗುಮಾಸ್ತ ಅವರ ಊರ ಕಡೆಯವನೇ. ಮೊದಲೇ ಓಡಿ ಬಂದು ನೆಲೆ ಕಂಡವನು. ಓದಿ ಸುತ್ತ ನೋಡಿ ದನಿ ತಗ್ಗಿಸಿದ.

"ಅಕ್ಕಾ, ಮಶೀನು ಬಿಸಾಕಿದ್ದೀನಿ ಅಂತ ಬರೆದಿದ್ದೀರಲ್ಲ. ಈ ಸಾಲು ಹೊಡೆದುಹಾಕಿ. ಚಿಕಿತ್ಸೆ ಬಿಟ್ಟವರು ಅಂತ ಮೇಲಿನವರ ಕಣ್ಣಿಗೆ ಬಿದ್ರೆ ವಾಪಸ್ಸು ಕಳಿಸಿದ್ರೂ ಕಳಿಸಬಹುದು."

"ಕೈ ಕಟ್ಟಿದ್ರು ಅಂತಾನೂ ಬರೆದಿದ್ದೀನಿ. ಓದಿದ್ಯೇನಪ್ಪ?"

"ಅದೂ ಬೇಡ. ಮಗು ಚೆನ್ನಾಗಿದೆ, ಸ್ಕೂಲು ಬದಲಾಯಿಸ್ತೀನಿ, ಅಷ್ಟು ಬರೀರಿ. ಇಲ್ಲಿ ಉಳೀಬೇಕಲ್ವಾ ನಾವು?"

"ಎರಡು ವರ್ಷ ಏನೂ ಬರೀದೆ ಉಳಿದೆ. ಹೊಡೆದುಹಾಕಲ್ಲ. ಇದ್ದದ್ದು ಇದ್ದ ಹಾಗೇ ಹೋಗಲಿ."

"ಉತ್ತರ ಯಾವಾಗ ಬರುತ್ತೋ ಹೇಳೋಕಾಗಲ್ಲ. ಬರದೇನೂ ಇರಬಹುದು. ಅಲ್ಲಿ ಕಳೆದ ಚಳಿಗೆ ತುಂಬಾ ಜನ..." ಎಂದವನು ಹುಡುಗಿಯನ್ನು ನೋಡಿ ನಿಲ್ಲಿಸಿದ.

"ಅದೂ ಗೊತ್ತು. ನೀನು ಹಾಕು."

ಗುಮಾಸ್ತ ಕಾಗದ ಮಡಚಿದ, ಕವರಿಗೆ ತುಂಬಿ ಅಂಟಿಸಿದ, ಮುದ್ರೆ ಒತ್ತಿದ. ಪಕ್ಕದಲ್ಲಿ ಗೋಣಿಚೀಲ ಬಾಯಿ ತೆರೆದು ನಿಂತಿತ್ತು. ಅದರೊಳಗೆ ಎಸೆದ. ಹೊತ್ತಾಗಿತ್ತು, ಚೀಲದ ಬಾಯಿ ಸುತ್ತಿ ಹಗ್ಗ ಬಿಗಿದ. ಎರಡು ಸುತ್ತು, ಮೇಲೆ ಗಂಟು.

ಹಗ್ಗ ಕಂಡದ್ದೇ ಹುಡುಗಿ ಎರಡೂ ಕೈಗಳನ್ನು ಬೆನ್ನ ಹಿಂದೆ ಬಚ್ಚಿಟ್ಟಳು.

ಚಿಕ್ಕಮ್ಮ ಬಗ್ಗಿ ಆ ಕೈಗಳನ್ನು ಹುಡುಕಿ ಮುಂದೆ ತಂದಳು. ತಣ್ಣಗಿದ್ದವು. ಉಜ್ಜಿದಳು. ಹಿಡಿದುಕೊಳ್ಳಬೇಕೆನಿಸಿತು. ಹಿಡಿಯಲಿಲ್ಲ, ಬಿಟ್ಟಳು. ಒಬ್ಬ ಬಂದು ಚೀಲವನ್ನು ಹೆಗಲಿಗೇರಿಸಿ ಗಾಡಿಯತ್ತ ನಡೆದ.